ಪ್ಲಂಬರ್, ಎಲೆಕ್ಟ್ರಿಷಿಯನ್ ಇದ್ದ ಮೇಲೆ ಸೀನಿಯರ್ ಫೆಸಿಲಿಟಿ ಮ್ಯಾನೇಜರ್ ಯಾಕೆ?

ಪ್ರಶ್ನೆ: ಬೆಂಗಳೂರಿನಲ್ಲಿ ನಮ್ಮದು 300 ಮನೆಗಳ ಅಪಾರ್ಟ್‌ಮೆಂಟ್. ಪ್ಲಂಬರ್, ಎಲೆಕ್ಟ್ರಿಷಿಯನ್, ಸೂಪರ್‌ವೈಸರ್ ಎಲ್ಲರೂ ಇದ್ದಾರೆ. ಇವರ ಮೇಲೆ ಒಬ್ಬ ಸೀನಿಯರ್ ಫೆಸಿಲಿಟಿ ಮ್ಯಾನೇಜರ್ ಬೇಕಾ? ಅವರ ಕೆಲಸ ಏನು?

ಉತ್ತರ: ನಿಮಗೆ ಬೇಕು. ಕೆಟ್ಟಿದ್ದನ್ನು ರಿಪೇರಿ ಮಾಡಲು ಜನ ಇದ್ದಾರೆ, ಸರಿ. ಕೆಡುವ ಮೊದಲೇ ನೋಡಿ, ಅದರ ಹೊಣೆ ಹೊರಬೇಕಾದವರು ಯಾರು?

ನಿಮ್ಮ ಪಂಪ್ ರೂಮನ್ನೇ ನೋಡಿ. ಬೆಂಕಿ ನಂದಿಸುವ ಪೈಪಿನಲ್ಲಿ ನೀರಿನ ಪ್ರೆಶರ್ ಸದಾ ಇರಬೇಕು. ಸ್ವಲ್ಪ ಇಳಿದರೆ ಪುಟ್ಟ ಜಾಕಿ ಪಂಪ್ ತಾನಾಗಿ ಓಡುತ್ತದೆ. ಜಾಸ್ತಿ ಇಳಿದರೆ ದೊಡ್ಡ ಪಂಪ್, ಅದೂ ಆಗದಿದ್ದರೆ ಡೀಸೆಲ್ ಪಂಪ್. ಇದೆಲ್ಲ ನಡೆಯಲು ಪ್ಯಾನೆಲ್ ಸ್ವಿಚ್ 'ಆಟೋ'ದಲ್ಲಿರಬೇಕು. ಆದರೆ ಎಲ್ಲೋ ಪೈಪ್ ಸೋರುತ್ತಿರುತ್ತದೆ, ಜಾಕಿ ಪಂಪ್ ಪದೇ ಪದೇ ಓಡುತ್ತದೆ. ಯಾರೋ ಬೇಸತ್ತು ಸ್ವಿಚ್ಚನ್ನು 'ಮ್ಯಾನ್ಯುವಲ್'ಗೆ ತಿರುಗಿಸಿಬಿಡುತ್ತಾರೆ. ಸದ್ದು ನಿಂತಿತು, ಎಲ್ಲರಿಗೂ ನೆಮ್ಮದಿ. ಬೆಂಕಿ ಬಿದ್ದ ದಿನ ಮಾತ್ರ ಪಂಪ್ ತಾನಾಗಿ ಶುರುವಾಗುವುದಿಲ್ಲ. ಒಳ್ಳೆಯ ಮ್ಯಾನೇಜರ್ ಸ್ವಿಚ್ಚನ್ನು ಆಟೋಗೆ ತಿರುಗಿಸಿ ಸುಮ್ನೆ ಹೋಗುವುದಿಲ್ಲ. ಸೋರಿಕೆ ಎಲ್ಲಿದೆ ಅಂತ ಹುಡುಕಿಸುತ್ತಾರೆ, ಖರ್ಚನ್ನು ಕಮಿಟಿ ಮುಂದಿಟ್ಟು ಒಪ್ಪಿಸುತ್ತಾರೆ. ಆಮೇಲೆ ವಾಲ್ವ್ ತೆರೆದು, ಪಂಪ್ ಎಷ್ಟು ಪ್ರೆಶರ್‌ಗೆ ಶುರುವಾಗುತ್ತದೆ ಅಂತ ತಾವೇ ನಿಂತು ನೋಡುತ್ತಾರೆ.

ಇನ್ನೊಂದು ಜಾಗ ಎಸ್‌ಟಿಪಿ, ಅಂದರೆ ಕೊಳಚೆ ನೀರು ಶುದ್ಧೀಕರಿಸುವ ಘಟಕ. ಟ್ಯಾಂಕ್ ಕಟ್ಟಿಕೊಂಡಾಗ "ಒಬ್ಬ ಹುಡುಗ ಇಳಿದರೆ ಹತ್ತು ನಿಮಿಷದ ಕೆಲಸ ಸಾರ್" ಅನ್ನುವವರು ಇದ್ದೇ ಇರುತ್ತಾರೆ. ಒಳಗೆ ಹೈಡ್ರೋಜನ್ ಸಲ್ಫೈಡ್ ಅನ್ನುವ ವಿಷಾನಿಲ ಇರಬಹುದು. ಅದು ಹೆಚ್ಚಾದರೆ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ, ಇಳಿದವರು ಕ್ಷಣದಲ್ಲಿ ಕುಸಿಯುತ್ತಾರೆ. ಸುರಕ್ಷತೆಯ ಸಲಕರಣೆ ಇಲ್ಲದೆ ಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಜನರನ್ನು ಇಳಿಸುವುದನ್ನು 2013ರ ಮಲ ಹೊರುವ ಪದ್ಧತಿ (ಮ್ಯಾನ್ಯುವಲ್ ಸ್ಕ್ಯಾವೆಂಜಿಂಗ್) ತಡೆ ಕಾಯ್ದೆ ನಿಷೇಧಿಸಿದೆ. ಇಲ್ಲಿ "ಆಗಲ್ಲ, ಮಷಿನ್ ತರಿಸಿ" ಅಂತ ಖಡಾಖಂಡಿತವಾಗಿ ಹೇಳುವವರು ಒಬ್ಬರು ಬೇಕೇ ಬೇಕು. ಗುತ್ತಿಗೆದಾರ ಮುನಿಸಿಕೊಂಡರೂ, ಕಮಿಟಿ ಅವಸರ ಮಾಡಿದರೂ ಸರಿ. ನನ್ನ ಪ್ರಕಾರ ಈ ಹುದ್ದೆಯ ಅತಿ ದೊಡ್ಡ ಕೆಲಸ ಇದೇ.

ಉಳಿದದ್ದು ಬಹುಪಾಲು ಕಾಗದಪತ್ರ: ಲಿಫ್ಟ್ ತಪಾಸಣೆ, ಜನರೇಟರ್ ಸರ್ವಿಸ್, ಎಎಂಸಿ (ವಾರ್ಷಿಕ ನಿರ್ವಹಣೆ ಒಪ್ಪಂದ) ನವೀಕರಣ, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ.

30–40 ಮನೆಗಳ ಸಣ್ಣ ಕಟ್ಟಡವಾಗಿದ್ದರೆ ಒಳ್ಳೆಯ ಸೂಪರ್‌ವೈಸರ್ ಸಾಕು ಅನ್ನುತ್ತಿದ್ದೆ. ನಿಮ್ಮಲ್ಲಿ ಹಾಗಲ್ಲ. ಇಂಟರ್‌ವ್ಯೂಗೆ ಬಂದವರನ್ನು ಆಫೀಸಿನಲ್ಲಿ ಕೂರಿಸಬೇಡಿ. ನೇರ ಪಂಪ್ ರೂಮಿಗೆ ಕರೆದುಕೊಂಡು ಹೋಗಿ, ಏನು ಕಾಣಿಸುತ್ತದೆ ಅಂತ ಕೇಳಿ.