ನಳ್ಳಿಯ ಒಂದು ಕೆನ್ನೆ ಮಾತ್ರ ಊದಿದ್ದರೆ

ಮೈಸೂರಿನಲ್ಲಿ ಪಳೆಯುಳಿಕೆಗಳ ಪಾಠ ಶುರುಮಾಡುವಾಗ ನಾನು ಮೊದಲು ಮೇಜಿನ ಮೇಲೆ ಇಡುವುದು ಕಲ್ಲನ್ನಲ್ಲ, ಮೀನಿನ ಅಂಗಡಿಯಿಂದ ತಂದ ಸಮುದ್ರದ ಸೀಗಡಿಯನ್ನು. ಒಂದು ವರ್ಷ ಹಾಗೆ ತಂದ ರಾಶಿಯಲ್ಲಿ ಒಂದರ ಎಡಗೆನ್ನೆ ಮಾತ್ರ ಊದಿಕೊಂಡಿತ್ತು. ಕಿವಿರಿನ ಮುಚ್ಚಳವನ್ನು ಚಿಮಟದಿಂದ ಎತ್ತಿದಾಗ ಒಳಗೆ ಚಪ್ಪಟೆಯಾದ, ಒಂದು ಪಕ್ಕಕ್ಕೆ ಸೊಟ್ಟಗಾದ ಹೆಣ್ಣು ಪರೋಪಜೀವಿಯೂ, ಅದರ ಹೊಟ್ಟೆಗೆ ಅಂಟಿಕೊಂಡ ಅಕ್ಕಿಕಾಳಿಗಿಂತ ಸಣ್ಣ ಗಂಡೂ ಕಂಡವು. ಇವು ಬೊಪೈರಿಡ್ ಎಂಬ ಗುಂಪಿನ ಐಸೊಪಾಡ್‌ಗಳು. ತಾವೂ ಸೀಗಡಿ, ನಳ್ಳಿಗಳಂತೆಯೇ ಕಠಿಣಚರ್ಮಿಗಳು.

ಇವುಗಳ ಮರಿ ಮೊದಲು ಕೋಪಿಪಾಡ್ ಎಂಬ ಸೂಕ್ಷ್ಮ ಜೀವಿಯ ಮೇಲೆ ಬೆಳೆದು, ಆಮೇಲೆ ಸೀಗಡಿಯ ಅಥವಾ ನಳ್ಳಿಯ ಕಿವಿರಿನ ಗೂಡಿಗೆ ಸೇರಿ ಅದರ ರಕ್ತ ಹೀರುತ್ತದೆ. ಆತಿಥೇಯ ಪ್ರಾಣಿ ಪ್ರತಿ ಸಲ ಹಳೆಯ ಚಿಪ್ಪು ಕಳಚಿದಾಗಲೂ ಹೊಸ ಚಿಪ್ಪು ಕೆಲಕಾಲ ಮೆತ್ತಗಿರುವುದರಿಂದ, ಒಳಗಿರುವ ಅತಿಥಿಯ ಗಾತ್ರಕ್ಕೆ ತಕ್ಕಂತೆ ಅದು ಉಬ್ಬಿ, ಆ ಉಬ್ಬಿನ ಆಕಾರದಲ್ಲೇ ಗಟ್ಟಿಯಾಗುತ್ತದೆ. ಸತ್ತ ಮೇಲೆ ಪರೋಪಜೀವಿಯ ತೆಳುಮೈ ಕೊಳೆತುಹೋಗುತ್ತದೆ; ಸುಣ್ಣದಿಂದ ಗಟ್ಟಿಯಾದ ಆತಿಥೇಯನ ಚಿಪ್ಪು ಕೆಸರಿನಲ್ಲಿ ಹೂತು ಉಳಿಯುತ್ತದೆ. ಚಿಪ್ಪು ಕರಗಿದರೂ ಒಳಗೆ ತುಂಬಿ ಕಲ್ಲಾದ ಕೆಸರಿನ ಅಚ್ಚಿನಲ್ಲಿ ಉಬ್ಬು ಉಳಿದಿರುತ್ತದೆ. ಹೀಗೆ ನಮಗೆ ದೊರಕುವುದು ರೋಗ ತಂದ ಜೀವಿಯಲ್ಲ, ರೋಗಿಯ ಮೈಯಲ್ಲಿ ಅದು ಬಿಟ್ಟುಹೋದ ಗುರುತು. ಈ ಗುರುತಿಗೆ ಪಳೆಯುಳಿಕೆ ತಜ್ಞ ಕ್ಲೊಂಪ್‌ಮೇಕರ್ ಮತ್ತು ಸಂಗಡಿಗರು 2014ರಲ್ಲಿ ‘ಕಾಂತೈಲೋಮಾ ಕ್ರಸ್ಟಾ’ ಎಂಬ ಹೆಸರಿಟ್ಟರು. ಹೆಜ್ಜೆಗುರುತಿಗೆ ಪ್ರತ್ಯೇಕ ಹೆಸರಿಡುವಂತೆಯೇ ಇದು. ಸುಮಾರು 18 ಕೋಟಿ ವರ್ಷಗಳ ಹಿಂದಿನ, ಜುರಾಸಿಕ್ ಕಾಲದ ಲಾಬ್‌ಸ್ಟರ್‌ಗಳಲ್ಲಿಯೇ ಇಂಥ ಉಬ್ಬು ಕಾಣಿಸಿದೆ.

ಊದಿಕೊಂಡದ್ದೆಲ್ಲ ಪರೋಪಜೀವಿಯ ಕೆಲಸವಲ್ಲ. ಮೇಲಿನ ಪದರಗಳ ಭಾರಕ್ಕೆ ಚಿಪ್ಪು ನಲುಗಿರಬಹುದು, ಗಾಯ ಮಾದು ಗಂಟಾಗಿರಬಹುದು. ಚಿಪ್ಪಿನ ಎಡಬಲಗಳು ಕನ್ನಡಿಯ ಬಿಂಬದಂತೆ ಇರಬೇಕಾದ್ದರಿಂದ, ಊದದ ಪಕ್ಕವೇ ನಮಗೆ ಅಳತೆಗೋಲು. ದೀಪವನ್ನು ಓರೆಯಾಗಿ ಹಿಡಿದು ನೋಡಿದಾಗ ಕಿವಿರಿನ ಭಾಗವೊಂದೇ ನುಣುಪಾಗಿ ಉಬ್ಬಿ, ಉಳಿದ ಚಿಪ್ಪು ಬಿರುಕಿಲ್ಲದೆ ಸರಿಯಾಗಿದ್ದರೆ ಐಸೊಪಾಡಿನ ಮೇಲೆ ಅನುಮಾನ ಬಲವಾಗುತ್ತದೆ. ಚಿಪ್ಪು ಇಡಿಯಾಗಿ ಒಂದೇ ದಿಕ್ಕಿಗೆ ವಾಲಿದ್ದರೆ ಅದು ಕಲ್ಲಿನ ಒತ್ತಡದ ಕೆಲಸ ಎಂದು ನಾನು ಬದಿಗಿಡುತ್ತೇನೆ.

ಸ್ಯಾಕ್ಯುಲಿನಾ ಜಾತಿಯ ಪರೋಪಜೀವಿಗಳ ವಿಷಯ ಇನ್ನೂ ಕಷ್ಟ. ಇವು ಬೇರಿನಂತೆ ನಳ್ಳಿಯ ಮೈಯೊಳಗೆ ಹರಡಿ, ಗಂಡಿನ ಕಿರಿದಾದ ಹೊಟ್ಟೆಯ ಭಾಗವನ್ನು ಹೆಣ್ಣಿನದರಂತೆ ಅಗಲಗೊಳಿಸುತ್ತವೆ. ನ್ಯೂಜಿಲೆಂಡಿನ ಮಯೊಸೀನ್ ಕಾಲದ (ಸುಮಾರು 2.3 ಕೋಟಿಯಿಂದ 50 ಲಕ್ಷ ವರ್ಷಗಳ ಹಿಂದಿನ) ‘ಟ್ಯುಮಿಡೊಕಾರ್ಸಿನಸ್’ ನಳ್ಳಿಗಳಲ್ಲಿ ಇಂಥ ಹೆಣ್ಣುರೂಪದ ಗಂಡುಗಳನ್ನು 1998ರಲ್ಲಿ ವರದಿ ಮಾಡಲಾಯಿತು. ಆದರೆ ಇಲ್ಲಿ ಗುರುತು ಪರೋಕ್ಷವಾದದ್ದು. ಉಬ್ಬಿನಷ್ಟು ಧೈರ್ಯವಾಗಿ ನಾನು ಇದನ್ನು ನಂಬಲಾರೆ. ಪರೋಪಜೀವಿಯೇ ಆತಿಥೇಯನ ಜೊತೆ ಕಲ್ಲಾಗಿ ಸಿಗುವುದು ಬಹಳ ಅಪರೂಪ. ಇಂಗ್ಲೆಂಡಿನ ಹೆರೆಫರ್ಡ್‌ಶೈರ್‌ನ ಸುಮಾರು 42.5 ಕೋಟಿ ವರ್ಷ ಹಳೆಯ ಕಲ್ಲಿನಲ್ಲಿ ಆಸ್ಟ್ರಕಾಡ್ ಎಂಬ ಎರಡು ಚಿಪ್ಪಿನ ಪುಟ್ಟ ಕಠಿಣಚರ್ಮಿಯೊಂದಕ್ಕೆ ಅಂಟಿಕೊಂಡಿದ್ದ ‘ಇನ್ವಾವಿಟಾ ಪೈರಾಟಿಕಾ’ ಅಂಥದ್ದು.

ಮೈಸೂರು, ಮಂಡ್ಯದ ನೆಲ ನೂರಾರು ಕೋಟಿ ವರ್ಷ ಹಳೆಯದು; ಭೂಮಿಯೊಳಗಿನ ಶಾಖ, ಒತ್ತಡಗಳಿಗೆ ರೂಪ ಬದಲಾದ ‘ನೈಸ್’ ಎಂಬ ಕಲ್ಲಿನದು. ನಳ್ಳಿಗಳಿರಲಿ, ಪ್ರಾಣಿಗಳೇ ಹುಟ್ಟುವ ಮೊದಲಿನದು. ಇಲ್ಲಿ ಹುಡುಗರು ಗದ್ದೆಯ ಬದುವಿನ ನಳ್ಳಿಯನ್ನು ನೋಡಿ ಕಲಿತು, ಹಳೆಯ ಸಮುದ್ರದ ತಳದಲ್ಲಿ ಕೂಡಿದ ಕಲ್ಲಿನ ಪದರಗಳನ್ನು ನೋಡಲು ತಮಿಳುನಾಡಿನ ಅರಿಯಲೂರಿನಂಥ ಕಡೆಗೆ ಹೋಗಬೇಕು. ಹೊರಡುವ ಮುನ್ನ ಅವರಿಗೆ ನಾನು ಹೇಳುವುದು ಇಷ್ಟು: ಊದಿದ ಚಿಪ್ಪು ಎಷ್ಟೇ ಚೆನ್ನಾಗಿದ್ದರೂ ಅದೊಂದನ್ನೇ ಎತ್ತಿಕೊಂಡು ಬರಬೇಡಿ. ಅದೇ ಪದರದಲ್ಲಿ ಸಿಕ್ಕ ಊದದ ಚಿಪ್ಪುಗಳನ್ನೂ ಎಣಿಸಿ ತನ್ನಿ. ಅವಿಲ್ಲದಿದ್ದರೆ ನೂರಕ್ಕೆ ಎಷ್ಟಕ್ಕೆ ರೋಗ ತಗುಲಿತ್ತು ಎಂದು ಹೇಳಲಾಗದು. ಒಂದೇ ನಳ್ಳಿ ಕಳಚಿದ ಹಲವು ಚಿಪ್ಪುಗಳು ಆ ಲೆಕ್ಕದಲ್ಲಿ ಸೇರಿರಬಹುದೆಂಬುದನ್ನೂ ಪುಸ್ತಕದಲ್ಲಿ ಬರೆದುಕೊಳ್ಳಿ.