ಬಿಯರ್ ಪಾತ್ರೆಯ ಬಾಯಿ ಎಷ್ಟು ಅಗಲವಿರಬೇಕು?

ನೆಲಮಾಳಿಗೆಗೆ ಇಳಿದುಬಂದ ಹೆಂಡತಿ ಮೊದಲು ನೋಡಿದ್ದು ಚಾವಣಿಯನ್ನು. ಅಲ್ಲಿ ಕಂದು ಬಣ್ಣದ ನೊರೆ ಅಂಟಿಕೊಂಡು ಒಣಗುತ್ತಿತ್ತು. ಕೆಳಗಿದ್ದ ಗಾಜಿನ ಬುಡ್ಡಿಯ ಬಾಯಿಂದ ಇನ್ನೂ ನೊರೆ ಸುರಿಯುತ್ತಲೇ ಇತ್ತು. ರಬ್ಬರ್ ಬಿರಡೆ ಬಟ್ಟೆ ಒಗೆಯುವ ಯಂತ್ರದ ಹಿಂದೆ ಸಿಕ್ಕಿತು. "ಇಡ್ಲಿ ಹಿಟ್ಟಿಗಾದರೆ ಅರ್ಧ ಪಾತ್ರೆ ಖಾಲಿ ಬಿಡಬೇಕು ಎಂದು ನನಗೆ ಪಾಠ ಹೇಳುತ್ತೀರಿ. ಇದಕ್ಕೆ ಎರಡೇ ಬೆರಳು ಬಿಟ್ಟಿದ್ದೀರಲ್ಲ?" ಎಂದಳು. ಮಿನ್ನೆಸೋಟದ ಚಳಿಗೆ ಬೇರೆ ಕೆಲಸವಿಲ್ಲದೆ ಬಿಯರ್ ಮಾಡಲು ಹೊರಟಿದ್ದ ನನಗೆ ಆ ಮಾತೇ ಮೊದಲ ಪಾಠವಾಯಿತು.

ಅಮೆರಿಕದಲ್ಲಿ ಇದಕ್ಕೆ ಅಡ್ಡಿಯಿಲ್ಲ. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದಾಗಿ ಇಬ್ಬರು ವಯಸ್ಕರಿರುವ ಮನೆಯವರು ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 757 ಲೀಟರ್ ಬಿಯರನ್ನು ತಮಗಾಗಿ ತೆರಿಗೆಯಿಲ್ಲದೆ ತಯಾರಿಸಿಕೊಳ್ಳಬಹುದು. ಕರ್ನಾಟಕದಲ್ಲಿ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಊರಿನ ಓದುಗರು ಇದನ್ನು ಬರೀ ರಸಾಯನಶಾಸ್ತ್ರವೆಂದು ಓದಿಕೊಂಡರೆ ಕ್ಷೇಮ.

ಚಾವಣಿಗೆ ನೊರೆ ಹಾರಿದ್ದೇಕೆ? ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಬಿಸಿನೀರಿನಲ್ಲಿ ನೆನೆಸಿ, ಬಸಿದು, ಹಾಪ್ಸ್ ಹೂವಿನ ಜೊತೆ ಕುದಿಸಿ ಆರಿಸಿದ ಸಿಹಿ ರಸಕ್ಕೆ ಯೀಸ್ಟ್ ಹಾಕುತ್ತೇವೆ. ಯೀಸ್ಟ್ ಆ ಸಕ್ಕರೆಯನ್ನು ಒಡೆದು ಆಲ್ಕೋಹಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಮಾಡುತ್ತದೆ, ತೂಕದಲ್ಲಿ ಎರಡೂ ಹೆಚ್ಚುಕಡಿಮೆ ಸಮಸಮ. ಶೇ 5ರಷ್ಟು ಆಲ್ಕೋಹಾಲ್ ಇರುವ 20 ಲೀಟರ್ ಬಿಯರ್ ಆಗುವಷ್ಟರಲ್ಲಿ ಮುಕ್ಕಾಲು ಕಿಲೋದಷ್ಟು ಅನಿಲ ಹುಟ್ಟುತ್ತದೆ. ಕೋಣೆಯ ಉಷ್ಣಾಂಶದಲ್ಲಿ ಅದರ ಗಾತ್ರ 400 ಲೀಟರಿಗೂ ಹೆಚ್ಚು. ಅಷ್ಟೂ ಅನಿಲ ನನ್ನ ಬುಡ್ಡಿಯ ಹೆಬ್ಬೆರಳು ದಪ್ಪದ ಬಾಯಿಂದಲೇ ಹೊರಬೀಳಬೇಕಿತ್ತು. ನೀರು ತುಂಬಿದ ಏರ್‌ಲಾಕ್ ಎಂಬ ಪುಟ್ಟ ಪ್ಲಾಸ್ಟಿಕ್ ನಳಿಕೆ ಅನಿಲವನ್ನು ಹೊರಬಿಟ್ಟು ಗಾಳಿಯನ್ನು ತಡೆಯುತ್ತದೆ, ನಿಜ. ಆದರೆ ನೊರೆ ಮೇಲೇರಿ ಹಾಪ್ಸ್ ಚೂರು ಅದರೊಳಗೆ ಸಿಕ್ಕಿಕೊಂಡರೆ ದಾರಿ ಬಂದ್. ಆಮೇಲೆ ಬಿರಡೆ ಹಾರಿದರೆ ಪುಣ್ಯ, ಗಾಜು ಒಡೆದರೆ ಆಸ್ಪತ್ರೆ. ಈಗ ನಾನು 19 ಲೀಟರ್ ಬಿಯರಿಗೆ ಸುಮಾರು 25 ಲೀಟರಿನ ಪಾತ್ರೆ ಇಡುತ್ತೇನೆ. ಮೊದಲ ಮೂರು ದಿನ ಏರ್‌ಲಾಕ್ ಬದಲು ದಪ್ಪ ಕೊಳವೆ ಸಿಕ್ಕಿಸಿ ಅದರ ಇನ್ನೊಂದು ತುದಿಯನ್ನು ನೀರಿನ ಚೊಂಬಿನಲ್ಲಿ ಮುಳುಗಿಸುತ್ತೇನೆ.

ಗಾಜಿನ ಬುಡ್ಡಿಗೆ ಇಲ್ಲಿನವರು ಕಾರ್ಬಾಯ್ ಎನ್ನುತ್ತಾರೆ. ನೋಡಲು ಅದರಷ್ಟು ಚೆಂದದ ಪಾತ್ರೆ ಇನ್ನೊಂದಿಲ್ಲ. ಒಳಗೆ ಯೀಸ್ಟ್ ಕುಣಿಯುವುದು, ನೊರೆ ಏರಿ ಇಳಿಯುವುದು, ಕೊನೆಗೆ ತಳದಲ್ಲಿ ಗಸಿ ಕೂರುವುದು ಎಲ್ಲವೂ ಕಣ್ಣಿಗೆ ಕಾಣುತ್ತದೆ. ಗೆರೆ ಬೀಳುವುದಿಲ್ಲ, ವಾಸನೆ ಹಿಡಿಯುವುದಿಲ್ಲ, ಗಾಜಿನ ಗೋಡೆಯ ಮೂಲಕ ಆಮ್ಲಜನಕ ನುಸುಳುವುದಿಲ್ಲ. ಹೀಗೆ ಹೊಗಳುವವರು ಅದನ್ನು ತೊಳೆಯುವ ವಿಷಯ ಬಂದಾಗ ಮಾತು ಬದಲಿಸುತ್ತಾರೆ. ಕುತ್ತಿಗೆಯ ಕೆಳಗೆ ಒಣಗಿದ ನೊರೆಯ ಉಂಗುರಕ್ಕೆ ಕೈ ಎಟುಕುವುದಿಲ್ಲ. ಬಾಗಿದ ಬ್ರಷ್ ತೂರಿಸಿ, ಕಣ್ಣು ಕಿರಿದು ಮಾಡಿ, ಅಂದಾಜಿನಲ್ಲೇ ಉಜ್ಜಬೇಕು. ಬಿಯರ್ ತುಂಬಿದ ಮೇಲೆ ಅದರ ಭಾರ 25 ಕಿಲೋ ದಾಟುತ್ತದೆ. ಒದ್ದೆ ಕೈಯಲ್ಲಿ ಅದನ್ನು ಎತ್ತುವುದು ನನ್ನ ಮಟ್ಟಿಗೆ ಹುಂಬತನ. ಬಿಸಿ ರಸ ಸುರಿದರಂತೂ ಒಳಮೈ ಥಟ್ಟನೆ ಹಿಗ್ಗಿ, ಹೊರಮೈ ಹಿಗ್ಗದೆ, ಗಾಜು ಬಿರುಕು ಬಿಡುತ್ತದೆ.

ಇನ್ನು ಬಿಳಿ ಪ್ಲಾಸ್ಟಿಕ್ ಬಕೆಟ್. ನೋಡಿದರೆ ಬಣ್ಣ ಬಳಿಯುವವರ ಬಕೆಟ್ಟಿನಂತೆಯೇ ಇರುತ್ತದೆ, ಆದರೆ ಆಹಾರಕ್ಕೆಂದೇ ತಯಾರಾದ ಪಾಲಿಥಿನ್. ಬಾಯಿ ಅಗಲ, ಮೊಣಕೈವರೆಗೆ ಕೈ ಹಾಕಿ ತಳ ಮುಟ್ಟಬಹುದು. ಅದರ ಶತ್ರು ಪಾತ್ರೆ ತಿಕ್ಕುವ ಗುಂಜು. ಕಣ್ಣಿಗೆ ಕಾಣದಷ್ಟು ಸಣ್ಣ ಗೀರು ಕೂಡ, ಒಂದೆರಡು ಮೈಕ್ರೊಮೀಟರ್ ಉದ್ದದ ಬ್ಯಾಕ್ಟೀರಿಯಾ ಲ್ಯಾಕ್ಟೊಬ್ಯಾಸಿಲಸ್‌ಗೆ ಆಳವಾದ ಕಣಿವೆಯಿದ್ದಂತೆ. ಅಲ್ಲಿ ಅಡಗಿ ಕುಳಿತರೆ ಕ್ರಿಮಿನಾಶಕ ಮುಟ್ಟುವುದು ಕಷ್ಟ. ಮುಂದಿನ ಸಲದ ಬಿಯರ್ ಹುಳಿ ಮಜ್ಜಿಗೆಯ ದಾರಿ ಹಿಡಿಯುತ್ತದೆ. ಆದ್ದರಿಂದ ಮೆದುವಾದ ಬಟ್ಟೆಯಲ್ಲಿ ತೊಳೆಯಬೇಕು, ಗೀರು ಹೆಚ್ಚಿದಾಗ ಬಕೆಟ್ಟನ್ನು ಬೇರೆ ಕೆಲಸಕ್ಕೆ ಹಚ್ಚಿ ಹೊಸದು ತರಬೇಕು. ಅಷ್ಟು ಅಗ್ಗದ ವಸ್ತುವಿನ ಮೇಲೆ ಮಮಕಾರ ಯಾಕೆ?

ಬಕೆಟ್ಟಿನ ಮೇಲೆ ಇನ್ನೊಂದು ದೂರಿದೆ. ಈ ಜಾತಿಯ ಪ್ಲಾಸ್ಟಿಕ್ ಆಮ್ಲಜನಕವನ್ನು ನಿಧಾನವಾಗಿ ಒಳಗೆ ಬಿಟ್ಟುಕೊಳ್ಳುತ್ತದೆ. ಆಮ್ಲಜನಕದ ಜೊತೆ ಬಿಯರಿಗಿರುವ ಸಂಬಂಧವೇ ವಿಚಿತ್ರ. ಮೊದಲ ಕೆಲವು ಗಂಟೆ ಅದು ಬೇಕೇ ಬೇಕು. ಯೀಸ್ಟ್ ತನ್ನ ಕೋಶಪೊರೆ ಕಟ್ಟಲು ಬೇಕಾದ ಸ್ಟೆರಾಲ್‌ಗಳನ್ನು ಆಮ್ಲಜನಕವಿಲ್ಲದೆ ತಯಾರಿಸಲಾರದು. ಅದಕ್ಕೇ ಆರಿದ ರಸವನ್ನು ನಾವು ಕಲಕಿ, ಎತ್ತಿ ಸುರಿದು, ಗಾಳಿ ಬೆರೆಸುತ್ತೇವೆ. ಹುದುಗುವಿಕೆ ಮುಗಿದ ಮೇಲೆ ಅದೇ ಆಮ್ಲಜನಕ ಬಿಯರಿಗೆ ಒದ್ದೆ ರಟ್ಟಿನ ರುಚಿ ತರುತ್ತದೆ. ಎರಡು ಮೂರು ವಾರದಲ್ಲಿ ಬಾಟಲಿಗೆ ಇಳಿಸುವ ಬಿಯರಿಗೆ ಬಕೆಟ್ಟಿನ ಗೋಡೆಯಿಂದ ದೊಡ್ಡ ಹಾನಿಯಿಲ್ಲ. ತಿಂಗಳುಗಟ್ಟಲೆ ಮಾಗಿಸುವ ಬಿಯರಾದರೆ ಗಾಜು ಅಥವಾ ಉಕ್ಕು ಬೇಕು. ಹಿಂದೆ ಎಲ್ಲರೂ ಒಂದು ವಾರಕ್ಕೆ ಬಿಯರನ್ನು ಇನ್ನೊಂದು ಪಾತ್ರೆಗೆ ವರ್ಗಾಯಿಸುತ್ತಿದ್ದರು. ತಳದ ಯೀಸ್ಟ್ ಸತ್ತು ಕೊಳೆತು ರುಚಿ ಕೆಡಿಸೀತು ಎಂಬ ಭಯ. ಮನೆಯ ಪಾತ್ರೆಯಲ್ಲಿ ಅಂತಹ ಅವಸರ ಯೀಸ್ಟಿಗಿಲ್ಲ. ವರ್ಗಾಯಿಸುವಾಗ ಸೇರುವ ಗಾಳಿಯೇ ಹೆಚ್ಚು ಕೇಡು.

ಆ ಭಯ ಹುಟ್ಟಿದ್ದು ಕಾರ್ಖಾನೆಗಳಲ್ಲಿ, ಕೆಳಗೆ ಶಂಕುವಿನಂತೆ ಚೂಪಾದ ಎತ್ತರದ ಉಕ್ಕಿನ ತೊಟ್ಟಿಗಳಲ್ಲಿ. ಇಂದಿರಾನಗರ, ಕೋರಮಂಗಲದ ಮೈಕ್ರೊಬ್ರೂವರಿಗಳಲ್ಲಿ ಗಾಜಿನ ಹಿಂದೆ ಫಳಫಳ ಹೊಳೆಯುವುದು ಅದರದೇ ಚಿಕ್ಕ ರೂಪ. 10 ಮೀಟರ್ ಎತ್ತರದ ತೊಟ್ಟಿಯ ತಳದಲ್ಲಿ ದ್ರವದ ಭಾರದಿಂದಲೇ ಒಂದು ವಾತಾವರಣದಷ್ಟು ಹೆಚ್ಚುವರಿ ಒತ್ತಡವಿರುತ್ತದೆ. ಆ ಒತ್ತಡ ಯೀಸ್ಟ್ ಹೊರಬಿಡುವ ಹಣ್ಣಿನ ಪರಿಮಳವನ್ನು ಕುಗ್ಗಿಸುತ್ತದೆ, ತಳದಲ್ಲಿ ರಾಶಿಬಿದ್ದ ಯೀಸ್ಟನ್ನು ಬಳಲಿಸುತ್ತದೆ. ಅದನ್ನೇ ಅರವತ್ತು ಸೆಂಟಿಮೀಟರಿಗೆ ಇಳಿಸಿದ ಗೊಂಬೆ ತೊಟ್ಟಿಯನ್ನು ಮನೆಗೆ ತಂದರೆ ಆಕಾರ ಬರುತ್ತದೆ, ಒತ್ತಡ ಬರುವುದಿಲ್ಲ. ಕೆಳಗಿನ ನಲ್ಲಿ ತಿರುಗಿಸಿ ಗಸಿ ತೆಗೆಯುವ ಅನುಕೂಲವೊಂದು ಸಿಗುತ್ತದೆ, ಅದೂ ಆ ನಲ್ಲಿಯನ್ನು ಪ್ರತಿ ಸಲ ಬಿಚ್ಚಿ ತೊಳೆಯುವ ತಾಳ್ಮೆಯಿದ್ದರೆ. ಉಕ್ಕಿನ ಪಾತ್ರೆಗೆ ಬಟ್ಟೆಯ ಬ್ಲೀಚ್ ಮಾತ್ರ ಸೋಕಿಸಬಾರದು. ಅದರ ಮೈ ಕಾಯುವ ಕ್ರೋಮಿಯಂ ಆಕ್ಸೈಡಿನ ತೆಳು ಪದರವನ್ನು ಕ್ಲೋರೈಡ್ ತೂತು ಮಾಡುತ್ತದೆ.

ನನ್ನ ನೆಲಮಾಳಿಗೆಯಲ್ಲಿ ಈಗ ಎರಡು ಬಕೆಟ್ ಇವೆ. ಕಾರ್ಬಾಯ್ ಮೇಲಿನ ಕಿಟಕಿಗೆ ಹೋಯಿತು. ಬಿಯರ್ ಒಳಗಿದ್ದಾಗ ಅದನ್ನು ಅಲ್ಲಿ ಇಡುವಂತಿರಲಿಲ್ಲ. ಬಿಸಿಲು ಬಿದ್ದರೆ ಹಾಪ್ಸಿನ ಕಹಿಯಂಶ ಒಡೆದು, ಸ್ಕಂಕ್ ಎಂಬ ಇಲ್ಲಿನ ಪ್ರಾಣಿ ಬೆದರಿದಾಗ ಸಿಡಿಸುವ ದ್ರವದಂತೆ ನಾರುತ್ತದೆ. ಈಗ ಹೆಂಡತಿ ಅದರಲ್ಲಿ ಮನಿಪ್ಲಾಂಟ್ ಬೆಳೆಸಿದ್ದಾಳೆ. ನೀರು ಬದಲಿಸುವಾಗಲೆಲ್ಲ ಕುತ್ತಿಗೆಯ ಕೆಳಗಿನ ಆ ಕಂದು ಉಂಗುರವನ್ನು ನನಗೆ ತೋರಿಸುತ್ತಾಳೆ.