ಕೇಸು ಕಡಿಮೆಯಾದದ್ದೇ ಅನುಮಾನಕ್ಕೆ ಕಾರಣವಾಯಿತು

ಒಂದು ಕಾಯಿಲೆಯ ಕೇಸು ಕೆಲವೇ ತಿಂಗಳಲ್ಲಿ ಕಾಲುಭಾಗ ಇಳಿದರೆ ಆರೋಗ್ಯ ಇಲಾಖೆಯವರು ಸಿಹಿ ಹಂಚಬೇಕು. 2006ರಲ್ಲಿ ಸ್ವೀಡನ್ನಿನ ನೈಋತ್ಯ ಕರಾವಳಿಯ ಹಾಲಂಡ್ ಕೌಂಟಿಯಲ್ಲಿ ಕ್ಲಮೀಡಿಯಾ ಕೇಸುಗಳು ಹಾಗೇ ಶೇ 25ರಷ್ಟು ಇಳಿದವು. ಲ್ಯಾಬಿನವರಿಗೆ ಮಾತ್ರ ಖುಷಿಯಾಗಲಿಲ್ಲ. ಲೈಂಗಿಕ ಸಂಪರ್ಕದಿಂದ ಹರಡುವ ಕಾಯಿಲೆ ಸುಮ್ನೆ ಹಾಗೆ ಮಾಯವಾಗುವುದಿಲ್ಲ ಅಲ್ವಾ?

ಕ್ಲಮೀಡಿಯಾ ಬಂದ ಬಹಳಷ್ಟು ಜನರಿಗೆ ಏನೂ ಗೊತ್ತೇ ಆಗುವುದಿಲ್ಲ. ಉರಿ ಇಲ್ಲ, ನೋವಿಲ್ಲ. ಹೆಂಗಸರಲ್ಲಿ ಮಾತ್ರ ಅದು ಒಳಗೊಳಗೇ ಗರ್ಭನಾಳದವರೆಗೆ ಹೋಗಿ ಮುಂದೆ ಮಕ್ಕಳಾಗದಂತೆ ಮಾಡಬಹುದು. ಹಾಗಾಗಿ ಟೆಸ್ಟ್ ಮಾಡದೆ ಬೇರೆ ದಾರಿಯಿಲ್ಲ. ಸ್ವೀಡನ್ ಇದನ್ನು 1988ರಲ್ಲೇ ಸಾಂಕ್ರಾಮಿಕ ರೋಗಗಳ ಕಾನೂನಿಗೆ ಸೇರಿಸಿತ್ತು. ಟೆಸ್ಟ್ ಉಚಿತ, ಪಾಸಿಟಿವ್ ಬಂದರೆ ಸಂಗಾತಿಗಳನ್ನೂ ಹುಡುಕಿ ಕರೆಸಲೇಬೇಕು.

ಕ್ಲಮೀಡಿಯಾ ತರುವ ಬ್ಯಾಕ್ಟೀರಿಯಾ ನಮ್ಮ ಜೀವಕೋಶದ ಒಳಗೆ ಮಾತ್ರ ಬೆಳೆಯುತ್ತದೆ. ಲ್ಯಾಬಿನಲ್ಲಿ ಬೆಳೆಸಿ ನೋಡುವುದು ದೊಡ್ಡ ತಲೆನೋವು, ಅದಕ್ಕೇ ಎಲ್ಲರೂ ಪಿಸಿಆರ್‌ನಂಥ ಡಿಎನ್‌ಎ ಟೆಸ್ಟಿಗೆ ಬಂದರು. ಡಿಎನ್‌ಎ ಅಂದರೆ ನಾಲ್ಕು ಬಗೆಯ ರಾಸಾಯನಿಕ ಅಕ್ಷರಗಳ ಸಾಲು. ಈ ಬ್ಯಾಕ್ಟೀರಿಯಾದ ಮುಖ್ಯ ಡಿಎನ್‌ಎ ಸುಮಾರು 10 ಲಕ್ಷ ಅಕ್ಷರದಷ್ಟು ಉದ್ದ. ಅದರ ಜೊತೆಗೆ ಪ್ಲಾಸ್ಮಿಡ್ ಅನ್ನುವ ಪುಟ್ಟ ಉಂಗುರವೂ ಇದೆ, ಬರೀ 7,500 ಅಕ್ಷರದ್ದು. ಮುಖ್ಯ ಡಿಎನ್‌ಎ ಒಂದೇ ಪ್ರತಿ ಇದ್ದರೆ ಈ ಉಂಗುರದ ಹಲವು ಪ್ರತಿಗಳಿರುತ್ತವೆ, ಆದ್ದರಿಂದ ಹುಡುಕುವುದು ಸುಲಭ. ಟೆಸ್ಟ್ ಕಂಪನಿಗಳು ಇದನ್ನೇ ಗುರಿ ಮಾಡಿಕೊಂಡವು. ಆಗ ಅದು ಜಾಣತನದ ಲೆಕ್ಕಾಚಾರವೇ.

ಹಾಲಂಡಿನ ಲ್ಯಾಬಿನ ಟೊರ್ವಾಲ್ಡ್ ರೀಪಾ ಮತ್ತು ಪೀಟರ್ ನಿಲ್ಸನ್ ಸ್ಯಾಂಪಲ್‌ಗಳನ್ನು ಬೇರೆ ವಿಧಾನದಿಂದ ನೋಡಿದಾಗ ಗುಟ್ಟು ಬಯಲಾಯಿತು. ಒಂದು ತಳಿಯ ಪ್ಲಾಸ್ಮಿಡ್‌ನಲ್ಲಿ 377 ಅಕ್ಷರಗಳು ಬಿದ್ದುಹೋಗಿದ್ದವು. ಅಬ್ಬಾಟ್ ಮತ್ತು ರೋಷ್ ಕಂಪನಿಗಳ ಟೆಸ್ಟ್ ಹುಡುಕುತ್ತಿದ್ದದ್ದು ಸರಿಯಾಗಿ ಆ ಜಾಗವನ್ನೇ! ಬ್ಯಾಕ್ಟೀರಿಯಾ ಅಲ್ಲೇ ಇದೆ, ವರದಿ ಮಾತ್ರ ನೆಗೆಟಿವ್. ನೆಗೆಟಿವ್ ಬಂದವರಿಗೆ ಔಷಧ ಇಲ್ಲ, ಅವರ ಸಂಗಾತಿಗಳನ್ನು ಕೇಳುವವರಿಲ್ಲ, ಹಾಗಾಗಿ ಉಳಿದ ತಳಿಗಳೆಲ್ಲ ಮಾತ್ರೆಗೆ ಸಾಯುತ್ತಿರುವಾಗ ಇದೊಂದು ಆರಾಮಾಗಿ ಊರೂರು ಸುತ್ತಿತು.

ಈ ತಳಿ ಬೇರೆಯವಕ್ಕಿಂತ ಬಲಶಾಲಿಯೇನಲ್ಲ. ಅದರ ಪೂರ್ತಿ ಜೀನೋಮ್, ಅಂದರೆ ಎಲ್ಲ ಡಿಎನ್‌ಎ ಓದಿ 2010ರಲ್ಲಿ ಪ್ರಕಟಿಸಿದಾಗ ವಿಶೇಷ ಶಕ್ತಿ ಅಂತ ಏನೂ ಸಿಗಲಿಲ್ಲ. ಬೇರೆ ಬೇರೆ ರೋಗಿಗಳಿಂದ ಸಿಕ್ಕಿದ ಈ ತಳಿಯ ಬ್ಯಾಕ್ಟೀರಿಯಾ ಯಾವ ಮಾದರಿಯವು ಎಂದು ಗುರುತಿಸಿ ನೋಡಿದರೆ ಎಲ್ಲವೂ ಒಂದೇ ಕುಟುಂಬದ ಇ ಮಾದರಿ, ಅಂದರೆ ಆ ಅಕ್ಷರಗಳು ಒಂದೇ ಸಲ, ಎಲ್ಲೋ ಒಂದು ಕಡೆ ಬಿದ್ದುಹೋಗಿ ಅಲ್ಲಿಂದ ಹರಡಿದ್ದು. ನನಗೆ ಇಡೀ ಕಥೆಯಲ್ಲಿ ತುಂಬಾ ಹಿಡಿಸಿದ್ದು ಕೌಂಟಿಗಳ ಹೋಲಿಕೆ. ಆ ಎರಡು ಕಂಪನಿಗಳ ಟೆಸ್ಟ್ ಬಳಸುತ್ತಿದ್ದ ಕೆಲವು ಕೌಂಟಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕೇಸು ಈ ತಳಿಯವೇ. ಬೇರೆ ಕಂಪನಿಯ ಟೆಸ್ಟ್ ಇದ್ದ ಕಡೆ ಶೇ 20ರ ಒಳಗೇ. ಯಾವ ಮೆಷಿನ್ ಎಲ್ಲಿ ಕೂತಿದೆ ಅನ್ನುವುದೇ ಯಾವ ತಳಿ ಎಲ್ಲಿ ಗೆಲ್ಲುತ್ತದೆ ಎಂದು ತೀರ್ಮಾನಿಸಿತು.

ಲ್ಯಾಬುಗಳು ಟೆಸ್ಟ್ ಬದಲಿಸಿದ ಮೇಲೆ 2007ರಲ್ಲಿ ದೇಶದ ಕೇಸು ಸುಮಾರು 47 ಸಾವಿರಕ್ಕೆ ಹಾರಿತು. ಬಚ್ಚಿಟ್ಟುಕೊಂಡಿದ್ದವು ಈಗ ಲೆಕ್ಕಕ್ಕೆ ಸಿಕ್ಕವು ಅಷ್ಟೇ. ಆಮೇಲೆ ಆ ತಳಿಯ ಪಾಲು ಕ್ರಮೇಣ ಕುಗ್ಗಿತು, ಕೌಂಟಿಗಳ ನಡುವಿನ ಅಂತರವೂ ಸಣ್ಣದಾಯಿತು. ಕಂಪನಿಗಳು ಒಂದರ ಬದಲು ಎರಡು ಜಾಗ ಹುಡುಕುವ ಟೆಸ್ಟ್ ತಂದವು.

ನಮ್ಮಲ್ಲಾದರೆ? ಸರ್ಕಾರಿ ಸುರಕ್ಷಾ ಕ್ಲಿನಿಕ್‌ಗಳಲ್ಲಿ ಮುಖ್ಯವಾಗಿ ಲಕ್ಷಣ ನೋಡಿ ಬಣ್ಣದ ಕಿಟ್ ಕೊಡುತ್ತಾರೆ. ಕೀವು ಬರುವುದು ಅಂದರೆ ಬೂದು ಬಣ್ಣದ ಕಿಟ್, ಅದರಲ್ಲಿ ಅಜಿಥ್ರೊಮೈಸಿನ್ ಮತ್ತು ಸೆಫಿಕ್ಸಿಮ್. ಮಾತ್ರೆಗೆ ತಳಿ ಯಾವುದಾದರೂ ಒಂದೇ, ಆದರೆ ಲಕ್ಷಣವೇ ಇಲ್ಲದವರು ಕ್ಲಿನಿಕ್ಕಿಗೆ ಬರುವುದೇ ಇಲ್ಲ.

ಸ್ವೀಡನ್ನಿನದು ಅಪರೂಪದ ಎಡವಟ್ಟು ಅಂದುಕೊಂಡಿದ್ದವರಿಗೆ 2019ರಲ್ಲಿ ಫಿನ್ಲೆಂಡಿನಿಂದ ಸುದ್ದಿ ಬಂತು. ಈ ಸಲ ಕಂಪನಿ ಹೊಲೊಜಿಕ್, ಟೆಸ್ಟ್ ಆಪ್ಟಿಮಾ ಕಾಂಬೊ 2. ಅದು ಪ್ಲಾಸ್ಮಿಡ್ ಗೊಡವೆಗೇ ಹೋಗದೆ ಬ್ಯಾಕ್ಟೀರಿಯಾದಲ್ಲಿ ಪ್ರೋಟೀನ್ ತಯಾರಿಸುವ ರೈಬೊಸೋಮಿನ ಆರ್‌ಎನ್‌ಎಯನ್ನು ಹುಡುಕುತ್ತಿತ್ತು. ತಪ್ಪಿಸಿಕೊಳ್ಳಲು ಈ ಬಾರಿ 377 ಅಕ್ಷರ ಬೀಳಬೇಕಾಗಲಿಲ್ಲ. ಬದಲಾಗಿದ್ದು ಒಂದೇ ಒಂದು ಅಕ್ಷರ. ಹುಡುಕಿದರೆ ನಾರ್ವೆ, ಸ್ವೀಡನ್, ಬ್ರಿಟನ್‌ಗಳಲ್ಲೂ ಇಂಥವು ಸಿಕ್ಕವು.